ಇಬ್ಬನಿ ಬೀಳದ ಗುಡ್ಡ

ಅಜೆಕಾರಿನ ಆಚೆಯ ಗುಡ್ಡಕ್ಕೆ ಬೆಂಕಿ ಬಿದ್ದಾಗ ನಾನು ಅರಣ್ಯ ರಕ್ಷಕನಾಗಿ ಸೇರಿ ಎರಡು ತಿಂಗಳಾಗಿತ್ತಷ್ಟೇ. ತರಬೇತಿಯಲ್ಲಿ ಕಲಿತದ್ದು ಬಾಯಿಪಾಠವಾಗಿತ್ತು: ರಾತ್ರಿ ಗಾಳಿ ನಿಲ್ಲುತ್ತದೆ, ಇಬ್ಬನಿ ಬೀಳುತ್ತದೆ, ಬೆಂಕಿ ಸೋಲುತ್ತದೆ. ಅದನ್ನೇ ನಂಬಿ ಕತ್ತಲಾದ ಮೇಲೆ ಹೊರಟೆ. ಜೊತೆಗೆ ಇದ್ದದ್ದು ಆ ಕಾಡಿನಲ್ಲೇ ಕೂದಲು ನರೆದಿದ್ದ ವಾಚರ್ ಒಬ್ಬರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ.

ಗುಡ್ಡದ ಬುಡದಲ್ಲಿ ಸಣ್ಣ ನೀರು ಹರಿಯುವ ತೋಡಿನ ಬಳಿ ಜೀಪು ನಿಲ್ಲಿಸಿದೆವು; ಅಲ್ಲಿ ಹುಲ್ಲು ಒದ್ದೆಯಾಗಿತ್ತು, ಚಳಿಯೂ ಇತ್ತು. ಗುಡ್ಡದ ಅರ್ಧಕ್ಕೆ ಏರುವಷ್ಟರಲ್ಲಿ ಬೆವರತೊಡಗಿದೆ. ಹತ್ತಿದ ಸುಸ್ತು ಅಂದುಕೊಂಡೆ. ನಿಂತರೂ ಸೆಕೆ ಇಳಿಯಲಿಲ್ಲ. ಮುಳಿಹುಲ್ಲು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಮೇಲೆ ಹೋದಂತೆ ತಂಪಾಗಬೇಕಲ್ಲ?

"ಇದೆಂತ ಅಣ್ಣ, ಕೆಳಗೆ ಚಳಿ, ಇಲ್ಲಿ ಸೆಕೆ?"

"ಕೆಲವು ರಾತ್ರಿ ಹಾಗೆ ಉಂಟು ಸಾರ್. ಯಾಕೆ ಅಂತ ನನಗೂ ಗೊತ್ತಿಲ್ಲ."

ಬೆಂಕಿ ಮೊಣಕಾಲೆತ್ತರದಲ್ಲಿ ಮೇಲಿನಿಂದ ನಿಧಾನವಾಗಿ ಇಳಿಯುತ್ತಿತ್ತು. ಹಸಿ ಸೊಪ್ಪಿನ ಗೆಲ್ಲುಗಳಿಂದ ಬಡಿದು ಹತ್ತಿಪ್ಪತ್ತು ಮಾರು ನಂದಿಸಿದೆವು. ಅಷ್ಟರಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಇಳಿದು ಬಂತು. ಉಳಿದ ಜ್ವಾಲೆ ಆಳೆತ್ತರ ಎದ್ದು ನಮ್ಮತ್ತ ಬಾಗಿತು. ಕಿಡಿ ಹಾರಿ ಕೆಳಗಿನ ಹುಲ್ಲಿಗೂ ಹತ್ತಿತು. ನಾನು ಜೀಪಿನ ಕಡೆ ತಿರುಗಿದೆ. ಅಣ್ಣ ಅಂಗಿ ಹಿಡಿದು ಎಳೆದರು.

"ಕೆಳಗೆ ಬೇಡ. ಮೇಲೆ ಬನ್ನಿ, ಸುಟ್ಟ ಜಾಗಕ್ಕೆ."

"ಬೆಂಕಿ ಇರುವ ಕಡೆಗಾ?"

"ನಾವು ನಂದಿಸಿದ ಕಡೆಯಿಂದ ದಾಟುವ. ಬನ್ನಿ ಮಾರಾಯ್ರೆ."

ಬೆಂಕಿಗೆ ಹೆದರಿ ಬೆಂಕಿಯತ್ತಲೇ ನಡೆದೆ. ಕಪ್ಪಾದ ನೆಲದಲ್ಲಿ ಬೂಟಿನ ಅಡಿ ಸುಡುತ್ತಿತ್ತು. ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಾ ನಿಂತೆವು. ನಾನು ಓಡಬೇಕೆಂದಿದ್ದ ದಾರಿಯಲ್ಲೇ ಬೆಂಕಿ ಓಡಿತು. ಆದರೆ ಒದ್ದೆ ಹುಲ್ಲು ಸಿಕ್ಕಲ್ಲಿ ಅದಾಗಿಯೇ ನಿಂತುಬಿಟ್ಟಿತು. ಜೀಪಿಗೆ ಏನೂ ಆಗಲಿಲ್ಲ.

ಬೆಳಗಾದಾಗ ಕೇಳಿದೆ, "ಓಡಿದ್ದರೆ ತಲುಪುತ್ತಿದ್ದೆನಾ?"

"ಯಾರಿಗೆ ಗೊತ್ತು," ಅಂದರು.

ಕಾರ್ಕಳದ ಕಚೇರಿಯಲ್ಲಿ ವರದಿಗೆ ನಕ್ಷೆ ಬರೆಯಲು ಕುಳಿತೆ. ಗಾಳಿಯ ಬಾಣ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಸಂಜೆ ಸಮುದ್ರದಿಂದ ಬಂದ ಗಾಳಿ, ರಾತ್ರಿ ಘಟ್ಟದಿಂದ ಇಳಿದದ್ದು, ನಡುವೆ ಗಾಳಿಯೇ ಇಲ್ಲದ ಹೊತ್ತು. ಒಂದೇ ಹಾಳೆಯಲ್ಲಿ ಎಲ್ಲವನ್ನೂ ಹೇಗೆ ತೋರಿಸುವುದು?

ಈಗ ರಾತ್ರಿ ಗುಡ್ಡ ಹತ್ತುವ ಮೊದಲು, ಇವತ್ತು ಮೇಲೆ ಹೇಗಿರಬಹುದು ಎಂದು ಅಣ್ಣನನ್ನು ಕೇಳುತ್ತೇನೆ. ಕೆಲವೊಮ್ಮೆ ಅವರು ಆಕಾಶ ನೋಡಿ, ಮಣ್ಣು ಮುಟ್ಟಿ, "ಗೊತ್ತಾಗುವುದಿಲ್ಲ ಸಾರ್" ಅನ್ನುತ್ತಾರೆ. ಅಂಥ ದಿನ ಹತ್ತುವುದಿಲ್ಲ. ರಸ್ತೆಯಲ್ಲೇ ಕುಳಿತು ಬೆಳಗಿಗೆ ಕಾಯುತ್ತೇವೆ.