ಎರೆಬೂತ ಹುಡುಕಿದ ದಿನ

ಆಗದ ಮಾತು ಅಂದವನು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಅಂದದ್ದು ಮನೆಯಲ್ಲಲ್ಲ. ರಾಣೆಬೆನ್ನೂರು ಕಡೆಯ ಒಣ ಬಯಲಿನಲ್ಲಿ, ಒಂದು ಜಾಲಿ ಮರದ ಕೆಳಗೆ ಕೂತು, ಮರಿಯ ಕಿವಿಗೆ ಗುರುತು ಹಾಕುತ್ತಾ ಅಂದ. ನನಗೆ ಆಗ ಹನ್ನೊಂದು ವರ್ಷ.

ಶಿಕಾರಿಪುರದ ಪಕ್ಕದ ಹಳ್ಳಿಯ ನಮ್ಮಂಥ ಕುರಿ ಸಾಕುವ ಮನೆಯವರು ಮಳೆ ಹಿಡಿಯುವ ಮೊದಲು ಮೂಡಣ ದಿಕ್ಕಿನ ಬಯಲಿಗೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದರು. ಕೆಸರಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಬೇರೆಯವರ ಮಂದೆಯೊಳಗೆ ಸೇರಿಹೋದರೂ ಸಿಗಲಿ ಅಂತ ಪ್ರತಿ ಮನೆಗೂ ಒಂದೊಂದು ಕಿವಿ ಗುರುತು. ನಮ್ಮದು ಎಡಗಿವಿಯ ಅಂಚಿಗೆ ಅರ್ಧಚಂದ್ರದ ಕಚ್ಚು. ಆ ಸಲ ರಜೆ ಅಂತ ನಾನೂ ಹೋಗಿದ್ದೆ. ಶಾಲೆ ಶುರುವಾಗುತ್ತದೆ, ಇವಳನ್ನು ಬಸ್ಸು ಹತ್ತಿಸಿ ಬರುತ್ತೇನೆ ಅಂದ ಅಪ್ಪ.

"ಓದಿ ಏನ್ ಮಾಡ್ತಾಳೆ? ಕುರಿ ಕಾಯೋರ ಮನೆಯಾಗೆ ಡಿಗ್ರಿ ಮಾಡಿದೋಳು ಹುಟ್ಟಿಲ್ಲ, ಹುಟ್ಟೋದೂ ಇಲ್ಲ. ಬೇಕಾರೆ ಬರೆದಿಟ್ಕೋ," ಅಂದ ದೊಡ್ಡಪ್ಪ.

ಅಪ್ಪ ನಕ್ಕ. "ಬರೆದಿಟ್ಕೊಳ್ಳಾಕೆ ನಮ್ಮಿಬ್ಬರಾಗೆ ಯಾರಿಗೆ ಬರ್ತೈತಣ್ಣ? ಅದಕ್ಕೇ ಇವಳ್ನ ಕಳಿಸ್ತಿರೋದು."

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅದೇ ಬಯಲಿನಲ್ಲಿ ಅಪ್ಪನಿಗೆ ಜ್ವರ ಬಂತು. ನಾಲ್ಕನೆಯ ದಿನ ದೊಡ್ಡಪ್ಪ ಹೆಣ ತಂದ. ಪರೀಕ್ಷೆ ಮುಗಿಸಿ ಎರಡು ವರ್ಷ ನಾನೇ ದೊಡ್ಡಪ್ಪನ ಜೊತೆ ಮಂದೆಯ ಹಿಂದೆ ನಡೆದೆ. ಆಮೇಲೆ ಕುರಿ ಮಾರಿದೆವು. ನಾನು ಸೊರಬದ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಸೇರಿದೆ. ಊರಿನವರ ಪದವಿ ಪ್ರಮಾಣಪತ್ರಗಳನ್ನೆಲ್ಲ ಗಾಜಿನ ಮೇಲೆ ಮಗುಚಿ ಹಾಕಿದ ಕೈ ಇದು. ಅವುಗಳ ಮೇಲಿನ ಉಬ್ಬು ಮುದ್ರೆ ಜೆರಾಕ್ಸಿನಲ್ಲಿ ಮೂಡುವುದಿಲ್ಲ. ಅದು ಮುಟ್ಟಿದವರಿಗೆ ಮಾತ್ರ. ಪಿಯುಸಿ ಖಾಸಗಿಯಾಗಿ ಕಟ್ಟಿದೆ. ಬಿ.ಎ. ಅಂಚೆ ಶಿಕ್ಷಣದಲ್ಲಿ. ಇಂಗ್ಲಿಷು ಎರಡು ಸಲ ಹೋಯಿತು. ಮೂವತ್ತಾರನೆಯ ವಯಸ್ಸಿಗೆ, ಮೇ ಕೊನೆಯ ವಾರ, ನನ್ನದೇ ಹೆಸರಿನ ಪ್ರಮಾಣಪತ್ರ ಕೈಗೆ ಬಂತು.

ಅಷ್ಟು ಹೊತ್ತಿಗೆ ನನ್ನ ಮನೆಗೇ ಬಂದು ಉಳಿದಿದ್ದ ದೊಡ್ಡಪ್ಪನ ಕಣ್ಣು ಹೋಗುತ್ತಾ ಇತ್ತು. ಶಿವಮೊಗ್ಗದ ಡಾಕ್ಟರು ನನ್ನನ್ನು ಹೊರಗೆ ಕರೆದು, "ಬಿಸಿಲು ಜೋರಿದ್ದಾಗ ಒಂದಿಷ್ಟು ಕಾಣುತ್ತೆ. ಅದೂ ಕೆಲವೇ ತಿಂಗಳು. ಏನು ನೋಡ್ಬೇಕು ಅಂತಾರೋ ತೋರಿಸಿಬಿಡಿ," ಅಂದಿದ್ದರು.

ಏನು ನೋಡುತ್ತೀಯ ಅಂತ ಕೇಳಿದೆ. "ಬಯಲು ನೋಡ್ಬೇಕು. ಆಗೋದಾದ್ರೆ ಒಂದು ಎರೆಬೂತ ನೋಡ್ಬೇಕು," ಅಂದ.

ಎರೆಬೂತ ಅಂದರೆ ಬಯಲಿನ ದೊಡ್ಡ ಹಕ್ಕಿ. ಟಗರಿನಷ್ಟು ಎತ್ತರ, ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಅಪ್ಪ, ದೊಡ್ಡಪ್ಪ ಇಬ್ಬರೂ ಚಿಕ್ಕವರಿದ್ದಾಗ ಆ ಜಾಲಿ ಮರದ ಹತ್ತಿರ ಕಂಡಿದ್ದರಂತೆ. ನನ್ನ ಲೆಕ್ಕ ಬೇರೆ ಇತ್ತು. ಅದೇ ಮರದ ಕೆಳಗೆ, ಆ ಮಾತು ಅಂದ ಜಾಗದಲ್ಲೇ, ಪ್ರಮಾಣಪತ್ರ ಅವನ ಕಣ್ಣ ಮುಂದೆ ಹಿಡಿಯಬೇಕು. ಅದಕ್ಕೇ ಆರು ದಿನ ಮನೆಯಲ್ಲಿ ತೋರಿಸದೆ ಬಚ್ಚಿಟ್ಟೆ.

ಕಾರು ಓಡಿಸಲು ಕಲಿತು ವರ್ಷವಾಗಿರಲಿಲ್ಲ. ಸೆಲ್ಫ್ ಡ್ರೈವ್ ಕಾರೊಂದನ್ನು ಬಾಡಿಗೆಗೆ ತಂದು ಮನೆ ಮುಂದೆ ನಿಲ್ಲಿಸಿದೆ. ದೊಡ್ಡಪ್ಪ ಬಾಗಿಲು ತಡವಿ ನೋಡಿದ.

"ಡ್ರೈವರ್ ಎಲ್ಲಿ?"

"ನಾನೇ."

"ಅಯ್ಯ, ಹಂಗಾರೆ ನಾನು ಹಿಂದೆ ಕೂರ್ತೀನಿ."

"ಹಿಂದೆ ಕೂತ್ರೆ ಏನೂ ಕಾಣಲ್ಲ ದೊಡ್ಡಪ್ಪ."

"ಕಾಣ್ದಿದ್ರೆ ಹೆದರಿಕೇನೂ ಇರಲ್ಲ ಬಿಡು."

ಆದರೂ ಮುಂದೆಯೇ ಕೂತ. ಶಿರಾಳಕೊಪ್ಪ, ಶಿಕಾರಿಪುರ ದಾಟಿ ಮಾಸೂರಿನ ಕಡೆ ತಿರುಗಿದೆವು. "ಈ ದಾರಿ ನಡೆಯಾಕೆ ನಮಗೆ ಐದು ದಿನ ಹಿಡೀತಿತ್ತು. ನಿಂದು ಬಾಳ ಅವಸರ," ಅಂದ. ಮುಂದೆ ಹೋದಂತೆ ಹಸಿರು ತೆಳ್ಳಗಾಯಿತು. ಕೆಂಪು ಮಣ್ಣು ಹೋಗಿ ಬಿರುಕುಬಿಟ್ಟ ಎರೆ ಮಣ್ಣು ಬಂತು, ಆಮೇಲೆ ಬರೀ ಕಲ್ಲು, ಜಾಲಿ, ಸುಳಿಗಾಳಿ. ನೀರೆಂಬುದು ಕಣ್ಣಿಗೆ ಬೀಳಲಿಲ್ಲ. ದೊಡ್ಡಪ್ಪ ಗಾಜು ಇಳಿಸಿ ಆ ಬಿಸಿಗಾಳಿಗೆ ಮುಖ ಒಡ್ಡಿದ. "ಕಾಣ್ತೈತೆ," ಅಂದ. "ಎಲ್ಲಾ ಕಾಣ್ತೈತೆ."

ಅರಣ್ಯ ಇಲಾಖೆಯ ಗೇಟಿನ ಹತ್ತಿರ ಇಳಿದು ಗಾರ್ಡನ್ನು ಕೇಳಿದೆ. ಅವನು ನಕ್ಕುಬಿಟ್ಟ. "ಎರೆಬೂತಾನಾ? ನಾನು ಕೆಲಸಕ್ಕೆ ಸೇರಿದ ಮೇಲೆ ಒಂದೂ ಕಂಡಿಲ್ಲ ರೀ. ನಮ್ಮ ಸಾಹೇಬ್ರೂ ಬೋರ್ಡ್ ಮೇಲಿನ ಚಿತ್ರದಾಗೆ ನೋಡಿರೋದು."

ಕಾರಿಗೆ ಬಂದೆ. "ಏನಂದ?" ಅಂತ ದೊಡ್ಡಪ್ಪ ಕೇಳಿದ.

"ಕಾಣಬಹುದು ಅಂದ."

ಅದೊಂದು ಸುಳ್ಳು ಹೇಳಬಾರದಿತ್ತು.

ಬೇಲಿಯ ಪಕ್ಕದ ಗಾಡಿ ದಾರಿಯಲ್ಲಿ ನಿಧಾನ ಹೋದೆ. ಅರ್ಧ ಬಯಲಿಗೆ ನೀಲಗಿರಿ ನೆಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಜಾಲಿ ಮರ ಸಿಕ್ಕಿತು. ಒಂದು ಕೊಂಬೆ ಬಿಟ್ಟರೆ ಉಳಿದದ್ದು ಒಣಗಿತ್ತು. ಅದರಾಚೆ ಚಿಗರಿ ಜಿಂಕೆಗಳ ಹಿಂಡು ಮೇಯುತ್ತಿತ್ತು. ಎರಡು ಕರಿ ಗಂಡುಗಳು, ತಿರುಚಿದ ಕೊಂಬು. ಉಳಿದವು ಕಂದು ಬಣ್ಣದ ಹೆಣ್ಣು, ಮರಿ. ದೊಡ್ಡಪ್ಪ ಕಾರಿನಿಂದಿಳಿದು ಕಣ್ಣಿಗೆ ಕೈ ಅಡ್ಡ ಹಿಡಿದ. ಮುಖ ಅರಳಿತು. ನಾನು ಏನಾದರೂ ಹೇಳುವ ಮೊದಲೇ ಕುರಿ ಕರೆಯುವ ಹಳೆಯ ಗಂಟಲಿನಲ್ಲಿ ಕೂಗಿದ: "ಹೊರ್ರ್ರಾ... ಬಾ ಬಾ ಬಾ!"

ಹಿಂಡು ಒಂದೇ ನೆಗೆತಕ್ಕೆ ಚದುರಿ, ಧೂಳಾಗಿ ಹೋಯಿತು.

ದೊಡ್ಡಪ್ಪ ಕೈ ಇಳಿಸಿದ. "ನಮ್ಮವಲ್ಲ," ಅಂದ. "ನಮ್ಮವಾಗಿದ್ರೆ ತಿರುಗ್ತಿದ್ವು."

ಹಿಂದಿನ ಸೀಟಿನಿಂದ ಫೈಲು ತಂದೆ. ಬಿಸಿಲು ನೆತ್ತಿಯ ಮೇಲಿತ್ತು. "ದೊಡ್ಡಪ್ಪ, ಒಂದು ತೋರಿಸ್ಬೇಕು ನಿನಗೆ."

"ಏನದು, ಕಾಗದಾನಾ?"

"ಹೌದು."

"ಕಾಗದ ಮನೆಯಾಗೂ ಇರ್ತೈತೆ ಮಗಾ, ಹಕ್ಕಿ ಇರಲ್ಲ. ಬಿಸಿಲಿರೋತನಕ ತಡಿ. ಅವ್ನು ಕಾಣಬಹುದು ಅಂದ ಅಂತೀಯಲ್ಲ."

ಯಾವ ಕಾಗದ ಅಂತ ಹೇಳಬಹುದಿತ್ತು. ಹಕ್ಕಿ ಇಲ್ಲ ಅಂತಲೂ ಹೇಳಬಹುದಿತ್ತು. ಎರಡೂ ಹೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಇಪ್ಪತ್ತೈದು ವರ್ಷ ಹೊತ್ತು ತಂದದ್ದು ಇಲ್ಲದ ಹಕ್ಕಿಗಿಂತ ಕಡೆಯಾಯಿತಲ್ಲ ಅಂತ. ಫೈಲು ವಾಪಸ್ ಸೀಟಿನ ಮೇಲೆ ಎಸೆದು ಬುತ್ತಿ ಬಿಚ್ಚಿದೆ. ದೊಡ್ಡಪ್ಪ ರೊಟ್ಟಿ ಹಿಡಿದುಕೊಂಡೇ ಬಯಲು ನೋಡಿದ. ಬಂಡೆ ಕಂಡರೆ "ಅದೇನು?" ಅಂದ. ಪೊದೆ ಅಲುಗಿದರೆ "ತಡಿ, ತಡಿ" ಅಂದ. ಒಮ್ಮೆ ನವಿಲೊಂದು ಅಡ್ಡ ಓಡಿತು. ಅವನ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿದದ್ದು ಇನ್ನೂ ನೆನಪಿದೆ. ನವಿಲು ಅಂದಾಗ ಹಿಡಿತ ಸಡಿಲವಾದದ್ದೂ.

ಪಡುವಣದಲ್ಲಿ, ಸೊರಬದ ದಿಕ್ಕಿಗೆ, ಮೋಡ ಎದ್ದಿತು. ಮುಳುಗುವ ಮೊದಲೇ ಸೂರ್ಯ ಅದರೊಳಗೆ ಇಳಿದ. ದೊಡ್ಡಪ್ಪ ಎರಡು ಹೆಜ್ಜೆ ಇಟ್ಟು, ಮರ ಎಲ್ಲಿದೆ ಅಂತ ಗಾಳಿಯಲ್ಲಿ ಕೈ ಆಡಿಸಿದ.

ಕಣ್ಣಿಗೆ ಕಾಣುವ ಹಾಗೆ ಇನ್ನೊಂದು ಬಿಸಿಲ ದಿನ ತೋರಿಸಿದರಾಯಿತು ಅಂತ ಅಂದುಕೊಂಡೆ. ಆದರೆ ಮರುದಿನವೇ ಸೊರಬದಲ್ಲಿ ಮಳೆ ಹಿಡಿಯಿತು. ಆ ವರ್ಷ ತಿಂಗಳುಗಟ್ಟಲೆ ಗಟ್ಟಿ ಬಿಸಿಲೆಂಬುದೇ ಬೀಳಲಿಲ್ಲ. ನವರಾತ್ರಿಯ ಹೊತ್ತಿಗೆ ಬಿಸಿಲು ಬಂತು. ಅಂಗಳದಲ್ಲಿ ಕೂರಿಸಿ ಕಾಗದ ಹಿಡಿದರೆ, "ಬೆಚ್ಚಗೈತೆ," ಅಂದ, ಬಿಸಿಲಿನ ಬಗ್ಗೆ.

ಬಯಲಿನ ಆ ಸಂಜೆ ಇದೇನೂ ಗೊತ್ತಿರಲಿಲ್ಲ. ಅವನ ಕೈ ಹಿಡಿದು ಮರದ ಬುಡದಲ್ಲಿ ಕೂರಿಸಿದೆ. ಫೈಲಿನಿಂದ ತೆಗೆದು ಮಡಿಲಲ್ಲಿಟ್ಟೆ. "ದೊಡ್ಡಪ್ಪ, ಡಿಗ್ರಿ ಆಯ್ತು ನಂದು. ಇದು ಅದರ ಕಾಗದ."

ಅವನು ಅದನ್ನು ಎತ್ತಿಕೊಂಡ. ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ, ಆಮೇಲೆ ಇಳಿಸಿದ. ಹೆಬ್ಬೆರಳಿನಿಂದ ಅಂಚು ಹಿಡಿದು ಸುತ್ತ ಸವರುತ್ತಾ ಬಂದ, ಮರಿಯ ಕಿವಿ ಸವರಿದ ಹಾಗೆ. ಕೆಳಗಿನ ಮೂಲೆಯ ಉಬ್ಬು ಮುದ್ರೆಗೆ ಬಂದು ಬೆರಳು ನಿಂತಿತು.

"ಗುರುತು ಹಾಕ್ಯಾರೆ," ಅಂದ.

"ಹೂಂ."

ಬೆರಳು ಅಲ್ಲೇ ಸುತ್ತಿತು, ಮತ್ತೆ ಸುತ್ತಿತು.

"ಇದೇ ಮರದ ಕೆಳಗಲ್ಲೇನವ್ವ ನಾನು ಅಂದಿದ್ದು? ನಿಮ್ಮಪ್ಪ ನಕ್ಕಿದ್ದ," ಅಂದ. "ಸೋತೆ ಕಣೋ ತಮ್ಮಾ ಅಂತ ಈಗ ಯಾರಿಗೆ ಹೇಳ್ಲಿ?"