ಓಣಿಗೊಂದೇ ಹೊರಸು

ನಮ್ಮ ಓಣಿಯಲ್ಲಿ ಇದ್ದದ್ದು ಒಂದೇ ಹೊರಸು, ನುಲಿ ಹೆಣೆದ ಮಂಚ. ಯಾರ ಮನೆಗೆ ನೆಂಟರು ಬರಲಿ, ಅದು ಆ ಮನೆಗೆ ಹೋಗುತ್ತಿತ್ತು. ಜೊತೆಗೆ ಮೂಲೆಮನೆ ಅಜ್ಜಿಯ ಹಿತ್ತಾಳೆ ತಂಬಿಗೆ. ಬಂದವರನ್ನು ನೆಲದ ಮೇಲೆ ಕೂರಿಸಿ ಅಲ್ಯುಮಿನಿಯಂ ಲೋಟದಲ್ಲಿ ನೀರು ಕೊಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಇದನ್ನು ಕೇಳಿ ಅಯ್ಯೋ ಪಾಪ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಎಂಬತ್ತರ ದಶಕದ ಆರಂಭ. ನಾನು ಏಳನೇ ಕ್ಲಾಸು ಮುಗಿಸಿದ್ದೆ. ತೆಲುಗು ಸೀಮೆಗೆ ಸೇರಿದ ನಾಗಲದಿನ್ನೆ ಕಡೆಯ ನಮ್ಮ ಕನ್ನಡದ ಹಳ್ಳಿಯಲ್ಲಿ ಅದರ ಮುಂದೆ ಕ್ಲಾಸಿರಲಿಲ್ಲ. ಆದೋನಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಹತ್ತಿ ಬಿಡಿಸುವ ಕೂಲಿ. ಸೀಟು ಬಡವರಿಗೆ ಮಾತ್ರ. ಯಾರು ಬಡವರು ಎಂದು ನೋಡಲು ಒಬ್ಬ ಆಫೀಸರು ಬಂದರು.

ಆಫೀಸರೆಂದರೆ ನೆಂಟರಿಗಿಂತ ದೊಡ್ಡವರು. ಅವರು ಒಂದು ಮನೆಯಿಂದ ಎದ್ದು ಬಾಗಿಲಲ್ಲಿ ಮಾತಾಡುತ್ತಿರುವಾಗಲೇ ಗಂಡಸರು ಹೊರಸನ್ನು ಹಿತ್ತಲಿನಿಂದ ಮುಂದಿನ ಮನೆಗೆ ಸಾಗಿಸುತ್ತಿದ್ದರು. ಎಲ್ಲ ಮನೆಗಳಲ್ಲೂ ಅವರು ಅದೇ ಹೊರಸಿನ ಮೇಲೆ ಕೂತರು, ಅದೇ ತಂಬಿಗೆಯ ನೀರು ಕುಡಿದರು. ಎಲ್ಲರ ಹೆಸರಿನ ಮುಂದೆ ಮಂಚ, ಹಿತ್ತಾಳೆ ಎಂದು ಬರೆದುಕೊಂಡರು.

ನಮ್ಮ ಮನೆಯಲ್ಲೂ ಕೂತು ಸುತ್ತ ಕಣ್ಣಾಡಿಸಿ, "ಮಂಚಂ ಉಂದಿ, ಇತ್ತಡಿ ಚೆಂಬು ಉಂದಿ. ಇಂಕೇಮಿ ಲೇದಮ್ಮಾ ಮೀಕು?" ಎಂದರು. ಮಂಚ ಇದೆ, ಹಿತ್ತಾಳೆ ತಂಬಿಗೆ ಇದೆ, ನಿಮಗೆ ಇನ್ನೇನು ಕಮ್ಮಿ ಅಂತ.

ಪಕ್ಕದ ಮನೆಯಾಕೆ ಅವ್ವನ ಕಿವಿಯಲ್ಲಿ, "ಹೊರಸು ನಿಮ್ದಲ್ಲ ಅಂತ ಹೇಳಿಬಿಡವ್ವಾ, ಹುಡುಗಿ ಓದು ಹಾಳಾಗತೈತಿ" ಎಂದಳು.

"ಅದರ ಮ್ಯಾಲ ಕುಂತೋರಿಗೆ ಹೆಂಗ ಹೇಳಲಿ? ಎದ್ದು ಹೋಗ್ರಿ ಅಂದಂಗ ಆಗತೈತಿ" ಎಂದಳು ಅವ್ವ. ತಂಬಿಗೆ ತುಂಬಿ ಅವರ ಮುಂದಿಟ್ಟಳು.

ನನಗೆ ತಡೆಯಲಾಗಲಿಲ್ಲ. "ಸಾರ್, ಈ ಊರಾಗ ಎಂಟನೇ ಕ್ಲಾಸ್ ಇಲ್ರಿ. ದವಾಖಾನಿ ಇಲ್ರಿ. ಹೊಳಿ ನೀರು ತರಾಕ ಹೋದ್ರ ಅರ್ಧ ದಿನ ಹೋಗತೈತಿ. ಅದನ್ನ ಬರಕೋರಿ" ಎಂದೆ.

ಅದು ಊರಿನ ವಿಷಯ, ತಾವು ನೋಡಲು ಬಂದದ್ದು ಮನೆ ಎಂದರು ಅವರು.

"ಊರು ಬಿಟ್ಟು ಮನಿ ಎಲ್ಲೈತ್ರಿ?" ಎಂದೆ. ದೊಡ್ಡವರಿಗೆ ಎದುರಾಡಿದ್ದಕ್ಕೆ ಅವ್ವ ಗದರಲಿಲ್ಲ. ಆಫೀಸರು ಪೆನ್ನಿಗೆ ಮುಚ್ಚಳ ಹಾಕಿ ಎದ್ದರು.

ಸೀಟು ಬರಲಿಲ್ಲ, ಓಣಿಯ ಯಾವ ಹುಡುಗಿಗೂ ಬರಲಿಲ್ಲ. ಆ ವರ್ಷವೆಲ್ಲ ಎಲ್ಲರೂ ಕೂಡಿ ಹತ್ತಿ ಬಿಡಿಸಿದೆವು. ಮರುವರ್ಷ ಆದೋನಿಯ ಚಿಕ್ಕಮ್ಮ ತನ್ನ ಒಂದೇ ಕೋಣೆಯಲ್ಲಿ ನನಗೆ ಜಾಗ ಕೊಟ್ಟಳು. ನಾನು ಓದಿದೆ. ಉಳಿದ ಹುಡುಗಿಯರಿಗೆ ಅಂಥ ಚಿಕ್ಕಮ್ಮ ಇರಲಿಲ್ಲ.

ನಿಮ್ಮವ್ವ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ಈಗಲೂ ಕೆಲವರು ಅನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಮಗಳು ಓದಬೇಕಾದರೆ ತಾಯಿ ಮೊದಲು ಮರ್ಯಾದೆ ಬಿಡಬೇಕು ಎಂದು ನಿಯಮ ಮಾಡಿದವರನ್ನು ಇವರು ಯಾಕೆ ಕೇಳುವುದಿಲ್ಲ? ನನ್ನ ಜೊತೆಯ ಹುಡುಗಿಯರು ಅಜ್ಜಿಯರಾದರೂ ಹತ್ತಿ ಬಿಡಿಸುತ್ತಲೇ ಇದ್ದಾರೆ. ಸರ್ಕಾರದ ಕಾಗದದಲ್ಲಿ ಅವರು ಅಂದೇ ಅನುಕೂಲಸ್ಥರಾಗಿದ್ದರು.