ದಸ್ತಗೀರ ತೋರಿಸಿದ ಕಲ್ಲಿನ ಪೆಟ್ಟಿಗೆ

ದಸ್ತಗೀರ, ವಿಚಾರಣೆಯ ದಿನ ನಾನು ಸುಳ್ಳು ಹೇಳಿದೆ. ನಿನ್ನ ನೌಕರಿ ಹೋದದ್ದು ಆ ಸುಳ್ಳಿನಿಂದ. ಇಷ್ಟು ವರ್ಷ ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದೇನೆ—ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ನಾನು ಅಥಣಿಯವ, ನೀನು ಕುಡಚಿಯವ. ನಮ್ಮ ಕಡೆಯವನೆಂದು ಗುಜರಾತಿನ ಎಣ್ಣೆ ಕಂಪನಿಯ ಕಲ್ಲು ಇಡುವ ಶೆಡ್ಡಿಗೆ ನಾನೇ ನಿನ್ನನ್ನು ಸೇರಿಸಿದ್ದೆ. ಬಾವಿ ಕೊರೆದಾಗ ಮೇಲೆ ಬಂದ ಸುಣ್ಣಕಲ್ಲನ್ನು ಪೆಟ್ಟಿಗೆಗಳಲ್ಲಿ ಜೋಡಿಸುವುದು ನಿನ್ನ ಕೆಲಸ; ಅದನ್ನು ಓದಿ ಎಣ್ಣೆ ಎಲ್ಲಿದೆ ಎಂದು ಹೇಳುವುದು ನನ್ನದು. ಯಾವುದೋ ಕಾಲದಲ್ಲಿ ಅಲ್ಲಿನ ನೆಲ ಎರಡೂ ಕಡೆಯ ಎಳೆತಕ್ಕೆ ಸೀಳಿ, ಬಂಡೆಗಳು ವಾಲಿ ನಿಂತಿದ್ದವು. ಸೀಳಿನ ಅಂಚಿನ ಸುಣ್ಣಕಲ್ಲು ಮಳೆನೀರಿಗೆ ಕರಗಿ ಜರಡಿಯಾಗಿದೆ, ಆ ತೂತುಗಳಲ್ಲಿ ಎಣ್ಣೆ ನಿಂತಿದೆ—ಇದು ನನ್ನ ವರದಿ. ಪರೀಕ್ಷೆಗೆ ಮುರಿಯದ ತುಂಡುಗಳನ್ನೇ ಆರಿಸುವುದು ನಮ್ಮ ರೂಢಿ. ಪುಡಿಯಾದದ್ದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆರಿಸಿದ ತುಂಡುಗಳೆಲ್ಲ ನನ್ನ ಮಾತನ್ನೇ ಹೇಳಿದವು.

ನೀನು ಮಾತ್ರ ಸೀಳಿಗೆ ತೀರ ಹತ್ತಿರದ ಪುಡಿಗಲ್ಲಿನ ಪೆಟ್ಟಿಗೆ ಹೊತ್ತು ತಂದೆ.

"ಸಾಹೇಬ್ರ, ಇಲ್ಲಿ ನೋಡ್ರಿ. ತೂತೆಲ್ಲಾ ಬಿಳೀ ಕಲ್ಲು ತುಂಬಿ ಮುಚ್ಯಾವ್ರಿ. ಎಣ್ಣಿ ನಿಲ್ಲಾಕ ಜಾಗಾನ ಇಲ್ರಿ."

ನೋಡಿದೆ. ಸೀಳಿನಲ್ಲಿ ಮೇಲೇರಿದ ಬಿಸಿನೀರು ತೂತುಗಳಲ್ಲೆಲ್ಲ ಬಿಳಿ ಸುಣ್ಣ ತುಂಬಿಬಿಟ್ಟಿತ್ತು. ನೋಡಿಯೂ—"ಮುಚ್ಚಿಡೋ ಅದನ್ನ" ಎಂದೆ. ಯಾರೂ ಒತ್ತಾಯಿಸಿರಲಿಲ್ಲ. ವರದಿಯ ಮೇಲೆ ನನ್ನ ಹೆಸರಿತ್ತು, ಅಷ್ಟೇ.

ಸೀಳಿನ ಪಕ್ಕದಲ್ಲೇ ಹೊಸ ಬಾವಿ ಕೊರೆದರು. ಹನಿ ಎಣ್ಣೆ ಬರಲಿಲ್ಲ. ಆ ಪೆಟ್ಟಿಗೆಯನ್ನು ಯಾಕೆ ನೋಡಲಿಲ್ಲ ಎಂದು ವಿಚಾರಣೆಯಲ್ಲಿ ಮೇಲಿನವರು ಕೇಳಿದಾಗ, "ದಸ್ತಗೀರ ತೋರಿಸಲೇ ಇಲ್ಲ" ಎಂದೆ. ಉಪ್ಪು ತಿಂದವ ನೀರು ಕುಡಿಯಬೇಕಂತೆ—ತಿಂದವನು ನಾನು, ಕುಡಿದವನು ನೀನು.

ಇಷ್ಟಾದರೂ ಹೇಗೋ ಬದುಕಿಕೊಂಡಿದ್ದೆ. ಹೋದ ವಾರ ಊರಿಗೆ ಬರುವಾಗ ಕುಡಚಿ ಸ್ಟೇಷನ್ನಿನಲ್ಲಿ ನೀನೇ ಓಡಿಬಂದು ನನ್ನ ಕೈ ಹಿಡಿದೆ. ಬೈಯುತ್ತೀ ಎಂದುಕೊಂಡಿದ್ದೆ, ನೀನು ಚಾ ಕುಡಿಸಿದೆ. ಆಮೇಲೆ ಮೆಲ್ಲಗೆ ಕೇಳಿದೆ—

"ಸಾಹೇಬ್ರ, ಖರೇ ಹೇಳ್ರಿ. ಆ ಪೆಟಗಿ ನಾ ತೋರಿಸಿದ್ನೋ ಇಲ್ಲೋ? 'ತೋರ್ಸೂದು ನೀನ ಮರ್ತಿರಬೇಕು' ಅಂತಾರ್ರಿ ನಮ್ಮ ಮನ್ಯಾಗ ಎಲ್ಲಾರೂ. ಈಗೀಗ ನನಗೂ ಹಂಗ ಅನಸಾಕತ್ತೈತ್ರಿ."

"ಹಳೇದೆಲ್ಲಾ ಯಾರಿಗೆ ನೆನಪಿರ್ತೈತೋ, ಬಿಡು" ಎಂದೆ. ಥೂ ನನ್ನ ಬಾಳಿಗೆ! ಎರಡನೆಯ ಸಲವೂ—

"ಹಂಗಾರ ನಂದ ತಪ್ಪಿರಬೇಕ್ರಿ" ಎಂದು ತಲೆ ತಗ್ಗಿಸಿದೆಯಲ್ಲ, ಕಣ್ಣು ಮುಚ್ಚಿದರೂ ಆ ತಗ್ಗಿದ ತಲೆ ನನ್ನೆದುರಿನಿಂದ ಸರಿಯುತ್ತಿಲ್ಲ. ನೌಕರಿಯನ್ನಷ್ಟೇ ಕಸಿದೆ ಎಂದುಕೊಂಡಿದ್ದೆ. ನಿನ್ನ ನೆನಪನ್ನು ನೀನೇ ನಂಬದಂತೆ ಮಾಡಿಬಿಟ್ಟಿದ್ದೇನೆ.

ಕಂಪನಿಗೆ ನಿಜ ಬರೆದು ಕಳಿಸಿದ್ದೇನೆ. ನಾಳೆ ಕುಡಚಿಗೆ ಬರುತ್ತೇನೆ. ನಿನ್ನ ಮನೆಯವರನ್ನೆಲ್ಲ ಕೂಡಿಸು, ಅವರೆದುರೇ ಹೇಳಬೇಕು. ನೀನು ಬಾಗಿಲು ಹಾಕಿಕೊಂಡರೂ ಸರಿ, ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ—ಇವ ತೋರಿಸಿದ್ದ, ನಾನು ನೋಡಿದ್ದೆ.